ರಾಜನ ಹುರುಳಿ

ಶನಿವಾರ ರಾಜ ಲಾರಿ ಹತ್ತಿ ಹೊರಟುಹೋದ. ಒಂದು ಸಲವೂ ತಿರುಗಿ ನೋಡಲಿಲ್ಲ, ಕಳ್ಳ!

ರಾಜ ಅಂದ್ರೆ ಕುದುರೆ. ಮೈಸೂರಲ್ಲಿ ಟಾಂಗಾ ಎಳೆದು ಸವೆದವನು. ಹೋದ ವರ್ಷ ನಮ್ಮ ತೋಟಕ್ಕೆ ಬಂದಾಗ ಪಕ್ಕೆಲುಬು ಎಣಿಸಬಹುದಿತ್ತು. ಗೊರಸು ಬೆಳೆದು ಮುಂದಕ್ಕೆ ಬಾಗಿತ್ತು. ಅಯ್ಯೋ ಪಾಪ ಅನ್ನಿಸಿ ಒಂದು ಬಕೆಟ್ ಹುರುಳಿ ಬೇಯಿಸಿ ತಂದೆ. ದನದ ಡಾಕ್ಟರು ಬಕೆಟ್ ಕಿತ್ತುಕೊಂಡರು. "ಸಾಯಿಸ್ತೀರೇನ್ರೀ?"

ಬಹಳ ದಿನ ಹಸಿದ ಕುದುರೆಗೆ ಒಮ್ಮೆಲೇ ಕಾಳು ತಿನ್ನಿಸಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯವೇ ನಿಲ್ಲಬಹುದಂತೆ. ತಿಂದದ್ದು ಹೆಚ್ಚಾದರೆ ಕಕ್ಕೋಣ ಅಂದರೆ ಕುದುರೆಗೆ ವಾಂತಿಯೂ ಬರೋದಿಲ್ಲ. ಹಾಗಾಗಿ ಮೊದಲ ದಿನಗಳಲ್ಲಿ ಒಣಗಿಸಿದ ಕುದುರೆ ಮಸಾಲೆ ಸೊಪ್ಪು ಮಾತ್ರ, ಸಲಕ್ಕೆ ಅರ್ಧ ಕೇಜಿಯೂ ಇಲ್ಲ, 4 ಗಂಟೆಗೊಮ್ಮೆ, ರಾತ್ರಿಯೂ. ಅವನು ಇನ್ನೂ ಬೇಕು ಅಂತ ನನ್ನ ಅಂಗಿ ಜಗ್ಗುತ್ತಿದ್ದ. ಕೊಡದೆ ನಿಲ್ಲೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ತಿಂಗಳುಗಳು ಕಳೆದು ಮೈ ತುಂಬಿತು. ಆದರೆ ಕುದುರೆ ಗುಂಪಿನ ಜೀವಿ. ನಮ್ಮಲ್ಲಿ ಅವನೊಬ್ಬನೇ. ದೂರದಲ್ಲಿ ಏನು ಸದ್ದಾದರೂ ಕೆನೆಯುತ್ತಿದ್ದ. ಕಾಲು ಚಾಚಿ ಮಲಗಿದ್ದನ್ನು ನಾನು ಕಂಡದ್ದೇ ಅಪರೂಪ. ಪರಿಚಯದವರೊಬ್ಬರ ಜಮೀನಿನಲ್ಲಿ ಇನ್ನೆರಡು ಕುದುರೆಗಳಿವೆ, ಕಳಿಸಿ ಅಂದರು. ಆರು ವಾರ ಏನೇನೋ ನೆಪ ಹೇಳಿದೆ. ಆಮೇಲೆ ಹೊಳೆಯಿತು, ಇದೂ ಅದೇ ಬಕೆಟ್ ಹುರುಳಿ.

ಇವತ್ತು ಫೋನ್ ಮಾಡಿದ್ದೆ. ಮಧ್ಯಾಹ್ನ ಬಿಸಿಲಲ್ಲಿ ಅಡ್ಡಡ್ಡ ಮಲಗಿದ್ದನಂತೆ, ಪಕ್ಕದಲ್ಲಿ ಇನ್ನೊಂದು ಕಾವಲು ನಿಂತಿತ್ತಂತೆ.

ಅವನಿಗೆಂದು ತಂದಿಟ್ಟ ಹುರುಳಿಯಲ್ಲಿ ಅಮ್ಮ ಕಟ್ಟಿನ ಸಾರು ಮಾಡಿದ್ದಾಳೆ. ಘಮ ಅಂತಿದೆ. ಗಂಟಲಲ್ಲಿ ಮಾತ್ರ ಇಳಿಯುತ್ತಿಲ್ಲ...