ಹಿಮದ ಹಲಗೆ ಕೊಳ್ಳುವ ಮೊದಲು

ಹೋದ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು, "ಆ ಹಲಗೆ ಇನ್ನೂ ಮನೇಲಿ ಇಟ್ಕೊಂಡಿದೀರಾ? ನಮ್ಮನೇಲಾಗಿದ್ರೆ ಬಚ್ಚಲ ಒಲೆಗೆ ಹಾಕ್ತಿದ್ದೆ."

ಅಮ್ಮನ ಸಿಟ್ಟಿಗೆ ಕಾರಣ ಇದೆ. ಆ ಹಲಗೆಯ ಮೇಲಿಂದ ಬಿದ್ದೇ ಅವರ ಸೊಸೆಯ ಕೈ ಮುರಿದದ್ದು. ಆದರೆ ತಪ್ಪು ಹಲಗೆಯದಲ್ಲ. ಅದನ್ನು ಆರಿಸಿದ ನಮ್ಮದು.

ನಾವು ಸಾಗರದ ಕಡೆಯವರು. ಒಬ್ಬ ಪತ್ರಿಕೋದ್ಯಮ ಓದಿದವ, ಒಬ್ಬಳು ಎಂಜಿನಿಯರಿಂಗ್ ಓದಿದವಳು. ಅವಳ ಕೆಲಸದ ಮೇಲೆ ಅಮೆರಿಕದ ಮಿಚಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್ ಎಂಬ ಊರಿಗೆ ಬಂದೆವು. ಜೊತೆಗೆ ಬಂದವನ ವೀಸಾದಲ್ಲಿ ಇಲ್ಲಿ ದುಡಿಯುವಂತಿಲ್ಲ. ಬೇಸಿಗೆಯಲ್ಲಿ ಅದು ಅಷ್ಟು ಕಾಣಲಿಲ್ಲ. ಡಿಸೆಂಬರ್ ಬಂದ ಮೇಲೆ ಕಂಡಿತು. ಬೆಳಿಗ್ಗೆ ಎಂಟಾದರೂ ಬೆಳಕಿಲ್ಲ, ಸಂಜೆ ಐದೂಕಾಲಿಗೆ ಮತ್ತೆ ಕತ್ತಲು. ಹತ್ತಿರದ ಮಿಚಿಗನ್ ಸರೋವರದ ನೀರಿನ ಮೇಲೆ ತಣ್ಣನೆ ಗಾಳಿ ಹಾದು ಬರುವುದರಿಂದ ನಮ್ಮ ಕಡೆ ಹಿಮ ಜಾಸ್ತಿ. ನಮ್ಮಲ್ಲಿ ಆಗುಂಬೆಯ ಮಳೆ ಹೇಗೋ, ಇಲ್ಲಿ ಸರೋವರದ ದಂಡೆಯ ಹಿಮ ಹಾಗೆ. ಅವಳು ಕೆಲಸಕ್ಕೆ ಹೋದರೆ ಅವನು ಮನೆಯಲ್ಲಿ ಕಿಟಕಿ ನೋಡುತ್ತ ಕೂರುತ್ತಿದ್ದ. ಮಾತು ಕಡಿಮೆಯಾಯಿತು. ಒಂದು ದಿನ, "ನಾನು ಊರಿಗೆ ಹೋಗ್ತೀನಿ, ನೀನಿಲ್ಲಿರು" ಎಂದುಬಿಟ್ಟ. ಅವತ್ತು ನಮ್ಮಲ್ಲಿ ಯಾರೂ ಊಟ ಮಾಡಲಿಲ್ಲ.

ಮಾರನೇ ದಿನ ಸುಮ್ಮನೆ ನಡೆಯಲು ಹೊರಟವರಿಗೆ ಮನೆಯ ಹಿಂದಿನ ಪಾರ್ಕಿನ ದಿಬ್ಬ ಕಂಡಿತು. ಮಕ್ಕಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ಜಾರುತ್ತಿದ್ದವು. ಅವುಗಳ ನಡುವೆ ಒಬ್ಬ ಹುಡುಗ ನಿಂತುಕೊಂಡೇ ಜಾರಿ ಬಂದ. ಕಾಲಿಗೆ ಪಟ್ಟಿ ಇಲ್ಲ, ಕಟ್ಟಿಲ್ಲ. ಮಾಮೂಲಿ ಬೂಟು, ಕೆಳಗೊಂದು ಹಲಗೆ, ಅಷ್ಟೇ. ನಮ್ಮಿಬ್ಬರಿಗೂ ಒಮ್ಮೆಗೇ ನೆನಪಾದದ್ದು ಅಡಿಕೆ ಹಾಳೆ. ಒಬ್ಬರು ಹಾಳೆಯ ಮೇಲೆ ಕೂರುವುದು, ಇನ್ನೊಬ್ಬರು ಸೋಗೆ ಹಿಡಿದು ಅಂಗಳದ ತುಂಬ ಎಳೆಯುವುದು, ಚಡ್ಡಿ ಹರಿದುಕೊಂಡು ಬೈಸಿಕೊಳ್ಳುವುದು. ಇಲ್ಲಿ ಎಳೆಯುವವರು ಬೇಡ, ಇಳಿಜಾರೇ ಎಳೆಯುತ್ತದೆ.

ಆ ಹಲಗೆಯ ಹೆಸರು ಸ್ನೋಸ್ಕೇಟ್. ಗಾಲಿ ಇಲ್ಲದ ಸ್ಕೇಟ್‌ಬೋರ್ಡ್ ಎಂದರೆ ಸರಿಯಾದೀತು. ಟೀವಿಯಲ್ಲಿ ನೋಡುವ ಸ್ನೋಬೋರ್ಡಿನಲ್ಲಿ ಎರಡೂ ಕಾಲನ್ನು ಹಲಗೆಗೆ ಬಿಗಿದಿರುತ್ತಾರೆ. ಇದರಲ್ಲಿ ಕಾಲು ಬಿಡುವಾಗಿರುತ್ತದೆ, ಹೆದರಿಕೆಯಾದರೆ ಇಳಿದುಬಿಡಬಹುದು. ಮೇಲೆ ಬೂಟು ಜಾರದಂತೆ ಮೆತ್ತನೆ ಫೋಮ್ ಹೊದಿಕೆ.

ಕಟ್ಟದೆ ನಿಂತು ಜಾರುವ ಇಂಥ ಹಲಗೆಗೆ ನಮ್ಮ ಪಕ್ಕದ ಊರಿನಲ್ಲೇ ಒಂದು ಹಳೇ ಕತೆ ಇದೆ. ಇಲ್ಲಿಂದ ಸುಮಾರು 65 ಕಿಲೋಮೀಟರ್ ದೂರದ ಮಸ್ಕೀಗನ್‌ನಲ್ಲಿ 1965ರ ಕ್ರಿಸ್‌ಮಸ್ ದಿನ ಶೆರ್ಮನ್ ಪಾಪೆನ್ ಎಂಬವರು ಎರಡು ಸ್ಕೀ ಪಟ್ಟಿಗಳನ್ನು ಜೋಡಿಸಿ ಮಕ್ಕಳಿಗೆ ನಿಂತು ಜಾರಲು ಕೊಟ್ಟರು. ಅವರ ಹೆಂಡತಿ ಅದಕ್ಕೆ 'ಸ್ನರ್ಫರ್' ಎಂದು ಹೆಸರಿಟ್ಟರು. ಸ್ನೋಬೋರ್ಡಿನ ಅಜ್ಜ ಅಂತ ಅದನ್ನೇ ಕರೆಯುತ್ತಾರೆ. ಮನೆಯ ಮಕ್ಕಳಿಗೆಂದು ಅಪ್ಪ ಮಾಡಿಕೊಟ್ಟ ಆಟದ ಸಾಮಾನು ಅದು. ಇದನ್ನು ಓದಿದ ಮೇಲೆ ನಮಗೆ ಧೈರ್ಯ ಬಂತು. ಧೈರ್ಯ ಸ್ವಲ್ಪ ಹೆಚ್ಚೇ ಬಂತು.

ಅಂದೇ ರಾತ್ರಿ ಮೊಬೈಲ್ ಹಿಡಿದು ಕೂತೆವು. ಹಲಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಒಂಟಿ ಹಲಗೆ. ಮರದ್ದೋ ಪ್ಲಾಸ್ಟಿಕ್ಕಿನದೋ ಇರುತ್ತದೆ, ಅಡಿಭಾಗದಲ್ಲಿ ಉದ್ದಕ್ಕೆ ಗೀರುಗಳಿರುತ್ತವೆ, ಹಲಗೆ ನೆಟ್ಟಗೆ ಹೋಗಲು ಅವು ಬೇಕು. ಇನ್ನೊಂದು ಜೋಡಿ ಹಲಗೆ. ಮೇಲೆ ನಿಲ್ಲುವ ಹಲಗೆ, ಅದರ ಕೆಳಗೆ ಲೋಹದ ಅಂಚಿರುವ ಸಣ್ಣ ಸ್ಕೀ, ಎರಡರ ನಡುವೆ ಒಂದು ಜೋಡಣೆ. ಈ ಜೋಡಿ ಹಲಗೆ ನೋಡಲು ಬಲು ಚಂದ. ವಿಡಿಯೋಗಳಲ್ಲಿ ದೊಡ್ಡ ಬೆಟ್ಟದಿಂದ ಹಾವಿನಂತೆ ಸುಳಿದು ಇಳಿಯುತ್ತಾರಲ್ಲ, ಅವರ ಕಾಲಡಿ ಇರುವುದು ಅದೇ. ರಿಯಾಯಿತಿ ಬೇರೆ ಇತ್ತು. 240 ಡಾಲರ್ ಕೊಟ್ಟೆವು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ಸಾವಿರ ರೂಪಾಯಿ. ಯಾರನ್ನೂ ಕೇಳಲಿಲ್ಲ.

ಮೊದಲ ದಿನ ಹೋದದ್ದು ಅದೇ ಮಕ್ಕಳ ದಿಬ್ಬಕ್ಕೆ. ಅವಳು ಮೊದಲು ನಿಂತಳು. ಜೋಡಿ ಹಲಗೆಯಲ್ಲಿ ಕಾಲು ನೆಲದಿಂದ ಮೇಲಿರುತ್ತದೆ, ಹಾಗಾಗಿ ಹೊಸಬರಿಗೆ ಓಲಾಟ ಜಾಸ್ತಿ. ವೇಗವೂ ಜಾಸ್ತಿ. ಅರ್ಧ ದಾರಿಯಲ್ಲಿ ಲೋಹದ ಅಂಚು ಹಿಮಕ್ಕೆ ಕಚ್ಚಿತು. ಅವಳು ಮುಂದಕ್ಕೆ ಬಿದ್ದಳು, ಬೀಳುವಾಗ ಎಲ್ಲರೂ ಮಾಡುವಂತೆ ಕೈ ನೆಟ್ಟಗೆ ಚಾಚಿದಳು. ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗವೊಂದು ಡಬ್ಬದಲ್ಲೇ ಬಂದಿತ್ತು, ನಾವು ಕಟ್ಟಿರಲಿಲ್ಲ. ಖಾಲಿ ಹಲಗೆ ಒಂದೇ ಸಮ ಕೆಳಗೋಡಿ, ತಟ್ಟೆಯಲ್ಲಿ ಕೂತಿದ್ದ ನಾಲ್ಕೈದು ವರ್ಷದ ಮಗುವಿನ ಪಕ್ಕದಲ್ಲೇ ಹಾದು ಹೋಯಿತು. ಮಾರು ದೂರವೂ ಇರಲಿಲ್ಲ. ಮಗುವಿನ ತಾಯಿ ನಮ್ಮನ್ನು ನೋಡಿದ ನೋಟ ಕೈ ನೋವಿಗಿಂತ ಹೆಚ್ಚು ದಿನ ಉಳಿಯಿತು.

ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟು. ಇನ್ಶೂರೆನ್ಸ್ ಇದ್ದರೂ ಮೊದಲೊಂದಿಷ್ಟು ದುಡ್ಡು ನಮ್ಮ ಕೈಯಿಂದಲೇ ಹೋಗಬೇಕು. ದುಡ್ಡಿಗಿಂತ ದೊಡ್ಡ ಹೆದರಿಕೆ ಬೇರೆ. ಅವಳ ಕೆಲಸವೆಲ್ಲ ಕೀಬೋರ್ಡಿನ ಮೇಲೆ. ಕೆಲಸ ಹೋದರೆ ಅವಳ ವೀಸಾ ಹೋಗುತ್ತದೆ, ಅವಳ ವೀಸಾದ ಜೊತೆ ಅವನದೂ. ಹೆಚ್ಚೆಂದರೆ ಎರಡು ತಿಂಗಳಲ್ಲಿ ಗಂಟು ಮೂಟೆ ಕಟ್ಟಬೇಕು. ಅವಳು ಎಡಗೈಯೊಂದರಲ್ಲೇ ಟೈಪ್ ಮಾಡಿದಳು, ಹಗಲು ಮುಗಿಯದ್ದನ್ನು ರಾತ್ರಿ ಕೂತು ಮುಗಿಸಿದಳು. ಅವಳಿಗೆ ತಲೆ ಬಾಚುವುದು, ಬೂಟಿನ ದಾರ ಕಟ್ಟುವುದು, ಅಡಿಗೆ, ಎಲ್ಲ ಅವನ ಪಾಲಿಗೆ. ಕಿಟಕಿ ನೋಡುತ್ತ ಕೂರಲು ಪುರಸೊತ್ತೇ ಇರಲಿಲ್ಲ. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ. ಅಮ್ಮನಿಗೆ ಹೇಳಿದ್ದು ಪಟ್ಟು ಬಿಚ್ಚಿದ ಮೇಲೆ. ಅದಕ್ಕೂ ಬೈಸಿಕೊಂಡೆವು.

ಮುಂದಿನ ಚಳಿಗಾಲ ಜೋಡಿ ಹಲಗೆಯನ್ನು ಮಾರಲು ಒಂದು ಸಣ್ಣ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಂಗಡಿಯವ ಬೆಲೆ ಹೇಳುವ ಮೊದಲು ಕೇಳಿದ: ಎಲ್ಲಿ ಜಾರಿದ್ದು? ಹಿಮ ಗಟ್ಟಿಯಿತ್ತೋ ಪುಡಿಯಿತ್ತೋ? ಮೊದಲು ಸ್ಕೇಟ್‌ಬೋರ್ಡ್ ಮಾಡಿದ್ದಿರಾ? ಕೊಳ್ಳುವಾಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಿದ್ದ ಮೂರೂ ಪ್ರಶ್ನೆ ಮಾರುವಾಗ ಸಿಕ್ಕವು.

ಮನೆ ಹಿಂದಿನ ದಿಬ್ಬ, ಮಕ್ಕಳು ಓಡಾಡಿ ಗಟ್ಟಿಯಾದ ಹಿಮ, ಹೊಸಬರು ಅಂದರೆ ಒಂಟಿ ಹಲಗೆ ಸಾಕು. ಹಗುರ, ನೆಲಕ್ಕೆ ಹತ್ತಿರ, ನಿಧಾನ. ನಿಧಾನ ಎನ್ನುವುದೇ ಅದರ ದೊಡ್ಡ ಗುಣ. ಮೊಣಕಾಲು ಮುಳುಗುವ ಪುಡಿ ಹಿಮದಲ್ಲಿ ಅದು ಹೂತುಹೋಗುತ್ತದೆ, ಬರೀ ಮಂಜುಗಡ್ಡೆಯಾದರೆ ಅಡ್ಡಡ್ಡ ಜಾರುತ್ತದೆ. ಆ ಎರಡು ದಿನ ಮನೆಯಲ್ಲಿ ಕಾಫಿ ಕುಡಿಯುತ್ತ ಕೂರುವುದೇ ಒಳ್ಳೆಯದು. ಜೋಡಿ ಹಲಗೆ ಬೇಕಾಗುವುದು ದೊಡ್ಡ ಬೆಟ್ಟಕ್ಕೆ ಹೋಗುವವರಿಗೆ, ಅದೂ ತಿರುಗಲು, ನಿಲ್ಲಿಸಲು ಬಂದ ಮೇಲೆ. ಎಲ್ಲ ಸ್ಕೀ ಬೆಟ್ಟಗಳಲ್ಲೂ ಸ್ನೋಸ್ಕೇಟ್ ಬಿಡುವುದಿಲ್ಲ, ಬಿಡುವ ಕಡೆ ಕಾಲಿಗೆ ಹಗ್ಗ ಕಡ್ಡಾಯ ಎನ್ನುವುದುಂಟು. ಯಾಕೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಹಲಗೆ ಮೂರಡಿ ಉದ್ದ, ಒಂಬತ್ತು ಇಂಚು ಅಗಲ. ಅಗಲ ಇದ್ದಷ್ಟೂ ದೊಡ್ಡ ಬೂಟಿನವರಿಗೆ ಅನುಕೂಲ. ಅದಕ್ಕಿಂತ ಮೊದಲು ಕೊಂಡದ್ದು ಹೆಲ್ಮೆಟ್ ಮತ್ತು ಮಣಿಕಟ್ಟಿನ ರಕ್ಷಾಪಟ್ಟಿ. ಮೊದಲ ವಾರ ದಿಬ್ಬ ಹತ್ತಲೇ ಇಲ್ಲ. ಕಾಲುಚೀಲ ಹಾಕಿಕೊಂಡು ಮನೆಯ ನುಣುಪು ನೆಲದ ಮೇಲೆ ಓಡಿ ಜಾರಿ, ಯಾವ ಕಾಲು ತಾನಾಗಿ ಮುಂದೆ ಬರುತ್ತದೆ ನೋಡಿಕೊಂಡೆವು. ಅವಳಿಗೆ ಎಡಗಾಲು, ಅವನಿಗೆ ಬಲಗಾಲು. ಆಮೇಲೆ ಸಪಾಟು ಜಾಗದಲ್ಲಿ ಒಬ್ಬರು ನಿಲ್ಲುವುದು, ಇನ್ನೊಬ್ಬರು ಕೈ ಹಿಡಿದು ಎಳೆಯುವುದು, ಥೇಟ್ ಹಾಳೆಯಂತೆ. ಬೇಕೆಂದೇ ಬೀಳುವುದನ್ನೂ ಮಾಡಿದೆವು: ಮುಷ್ಟಿ ಬಿಗಿದು, ಮೊಣಕೈ ಮಡಚಿ, ಪಕ್ಕಕ್ಕೆ ಉರುಳುವುದು. ಬೂಟಿನ ಅಡಿಗೆ ಮೆತ್ತಿದ ಹಿಮವನ್ನು ತಟ್ಟಿ ಉದುರಿಸದೆ ಹಲಗೆ ಹತ್ತಬಾರದು ಎಂಬುದು ಮೂರು ಸಲ ಬಿದ್ದ ಮೇಲೆ ಗೊತ್ತಾಯಿತು.

ನಿಮ್ಮ ಮನೆಯ ಮಕ್ಕಳು ಓದಲೋ ಕೆಲಸಕ್ಕೋ ಇಂಥ ದೇಶಕ್ಕೆ ಬಂದು, ಹಿಮದ ಮೇಲೆ ನಿಂತ ಫೋಟೋ ಕಳಿಸಿದರೆ, ಚಂದ ಕಾಣ್ತೀಯ ಎನ್ನುವ ಮೊದಲು ಕೈಗೆ ಏನು ಹಾಕ್ಕೊಂಡಿದೀಯ ಅಂತ ಕೇಳಿ.

ಜೋಡಿ ಹಲಗೆಯನ್ನು ಕೊನೆಗೂ ಮಾರಲಿಲ್ಲ. ಅಂಗಡಿಯವ ಕೊಡುತ್ತೇನೆಂದ ದುಡ್ಡು ತೀರಾ ಕಮ್ಮಿ. ಅದು ಬಾಗಿಲ ಹಿಂದೆ ನಿಂತಿದೆ, ಒದ್ದೆ ಕೈಗವಸು ಒಣಗಿಸಲು ಬರುತ್ತದೆ. ಮೊನ್ನೆ ಶನಿವಾರ ದಿಬ್ಬದ ತುದಿಯಲ್ಲಿ ಅವಳು ಸಣ್ಣ ಹಲಗೆ ಕೆಳಗಿಟ್ಟು, ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡು, "ಈ ಸಲ ನೀನು ಮೊದಲು ಹೋಗು" ಎಂದಳು. ಅವನು ಅರ್ಧಕ್ಕೇ ಬಿದ್ದ. ಮುಷ್ಟಿ ಬಿಗಿದಿತ್ತು.