ಭರತಪುರದ ಕಲ್ಲಿನ ಲೆಕ್ಕ

ಆಗ್ರಾಕ್ಕೆ ಹೋದವರು ತಾಜಮಹಲನ್ನು ಕಣ್ತುಂಬ ನೋಡಿ ಊರಿಗೆ ಹಿಂದಿರುಗುವುದು ವಾಡಿಕೆ. ನಾವು ಮಾತ್ರ ಅಲ್ಲಿಂದ ಪಶ್ಚಿಮಕ್ಕೆ ಸುಮಾರು 55 ಕಿಲೋಮೀಟರ್ ದೂರದ ಭರತಪುರಕ್ಕೆ ಹೊರಟೆವು. ಹಕ್ಕಿಗಳ ಹುಚ್ಚು ಹಿಡಿದ ನಮ್ಮ ಹತ್ತು ವರ್ಷದ ಮಗಳೇ ಇದಕ್ಕೆ ಕಾರಣ.

ಇಳಿದುಕೊಂಡದ್ದು ಲಕ್ಷ್ಮೀ ವಿಲಾಸ ಅರಮನೆಯಲ್ಲಿ. 19ನೆಯ ಶತಮಾನದಲ್ಲಿ ರಾಜಮನೆತನದ ರಘುನಾಥ ಸಿಂಹನಿಗಾಗಿ ಕಟ್ಟಿಸಿದ ಈ ಸೌಧವನ್ನು ಜೀರ್ಣೋದ್ಧಾರ ಮಾಡಿ ಹೋಟೆಲನ್ನಾಗಿಸಿದ್ದಾರೆ. ರಜಪೂತ, ಮೊಗಲ ಶೈಲಿಗಳೆರಡೂ ಇಲ್ಲಿ ಬೆರೆತಿವೆ. ಕಮಾನಿನ ಬಾಗಿಲು, ನಡುವೆ ತೆರೆದ ಅಂಗಳ, ಹಳೆಯ ಕಾಲದ ಮಂಚ. ನನ್ನ ಶ್ರೀಮತಿ ಆ ಮಂಚದ ಮೇಲೆ ಒರಗಿ, "ಇನ್ನು ಎರಡು ದಿನ ನಾನು ಮಹಾರಾಣಿ, ಕಾಫಿ ಇಲ್ಲಿಗೇ ಬರಲಿ" ಎಂದು ಅಪ್ಪಣೆಮಾಡಿದಳು. ಕಾಫಿಯೂ ಬಂದಿತು.

ಮರುದಿನ ಮುಂಜಾನೆ ಕೇವಲಾದೇವ ಉದ್ಯಾನದ ಬಾಗಿಲಲ್ಲಿ ಸೈಕಲ್ ರಿಕ್ಷಾ ಹತ್ತಿದೆವು. ಮಾಗಿಯ ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ಅದು ಮೆಲ್ಲನೆ ಸರಿದಂತೆ ಜಾಲಿಮರಗಳ ತುಂಬ ಬಣ್ಣದ ಕೊಕ್ಕರೆಗಳು, ಜೊಂಡಿನ ಅಂಚಿನಲ್ಲಿ ಗಂಭೀರವಾಗಿ ಹೆಜ್ಜೆಯಿಡುವ ಸಾರಸ ದಂಪತಿಗಳು, ನೀರ ಮೇಲೆ ಬಾತುಗಳ ಹಿಂಡು ಕಾಣಿಸಿದವು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಮಗಳು ಕೂಡಲೆ ಗುರುತಿಸಿದಳು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಚಳಿಗಾಲದಲ್ಲಿ ಬರುವ ನೆಂಟರು ಅವೇ ಅಲ್ಲವೆ!

ಉದ್ಯಾನದ ನಡುವಣ ಶಿವದೇಗುಲದ ಬಳಿ ರಿಕ್ಷಾ ನಿಂತಿತು. ಅಲ್ಲಿರುವ ಕಲ್ಲಿನ ಫಲಕಗಳನ್ನು ರಾಜರ ವಂಶಾವಳಿಯೆಂದು ಭಾವಿಸಿ ಓದತೊಡಗಿದೆನು. ಅದು ಬೇಟೆಯ ಲೆಕ್ಕ! ಯಾವ ದಿನ, ಯಾರ ಗೌರವಾರ್ಥ, ಎಷ್ಟು ಕೋವಿ, ಎಷ್ಟು ಹಕ್ಕಿ. 1902ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಬಂದಾಗ 540. 1938ರ ನವೆಂಬರ್ 12ರಂದು ಲಾರ್ಡ್ ಲಿನ್‌ಲಿತ್‌ಗೊ ಬಂದಾಗ ಒಂದೇ ದಿನಕ್ಕೆ 4,273.

ಮಗಳು ಬೆರಳು ಮಡಿಸಿ ಲೆಕ್ಕ ಹಾಕಿದಳು. "ಎಂಟು ಗಂಟೆ ಹೊಡೆದರೆಂದರೂ ನಿಮಿಷಕ್ಕೆ ಒಂಬತ್ತು. ಅಷ್ಟನ್ನೂ ತಿಂದರೆ ಅಪ್ಪಾ?" ನಾನು ನಿರುತ್ತರನಾದೆನು.

ಓದುಗರೆ, ವಿಚಿತ್ರವೆಂದರೆ ಈ ಸರೋವರವನ್ನು ನಮಗೆ ಉಳಿಸಿಕೊಟ್ಟದ್ದೂ ಆ ಬೇಟೆಯೇ. ಇದು ಮೊದಲು ಒಂದು ತಗ್ಗುನೆಲ. ಅಜಾನ್ ಕಟ್ಟೆಯ ನೀರನ್ನು ಕಾಲುವೆಗಳಲ್ಲಿ ತಂದು, ಒಡ್ಡುಗಳನ್ನು ಹಾಕಿ, ಬಾತುಗಳು ಬಂದಿಳಿಯುವ ಕೊಳಗಳನ್ನು ಅರಸರು ಮಾಡಿಸಿದರು. ಕೊಲ್ಲುವುದಕ್ಕೆಂದು ಕರೆದ ನೀರು ಇಂದು ಕಾಯುವ ನೀರಾಗಿದೆ. ಕೊನೆಯ ದೊಡ್ಡ ಬೇಟೆ ನಡೆದದ್ದು 1964ರಲ್ಲಿ. 1972ರವರೆಗೂ ಮಹಾರಾಜರಿಗೆ ಬೇಟೆಯ ಹಕ್ಕು ಉಳಿದಿತ್ತು. 1985ರಲ್ಲಿ ಇದು ವಿಶ್ವಪರಂಪರೆಯ ತಾಣವಾಯಿತು.

ಇದರ ರಕ್ಷಣೆಗಾಗಿ ದುಡಿದವರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಪ್ರಮುಖರು. ಅವರ ಒತ್ತಾಸೆಯಿಂದಲೇ 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮವಾಯಿತು. ಇಲ್ಲಿ 4,273 ಹಕ್ಕಿಗಳು ಉರುಳಿದ ಎರಡೇ ವರ್ಷಕ್ಕೆ ಅಲ್ಲಿ, ಕಾವೇರಿಯ ನಡುಗಡ್ಡೆಗಳಲ್ಲಿ, ಹಕ್ಕಿಗೆ ಅಭಯ ದೊರೆತಿತ್ತು ಎಂಬುದು ಕನ್ನಡಿಗರಿಗೆ ಸಣ್ಣ ಹೆಮ್ಮೆಯೇನಲ್ಲ.

ಆದರೂ ಎಲ್ಲ ನಷ್ಟವೂ ತುಂಬಿಬರಲಿಲ್ಲ. ಭರತಪುರಕ್ಕೆ ಕೀರ್ತಿ ತಂದಿದ್ದ ಬಿಳಿಯ ಸೈಬೀರಿಯದ ಕೊಕ್ಕರೆಗಳು 2002ರ ಬಳಿಕ ಇಲ್ಲಿಗೆ ಬಂದಿಲ್ಲ. ಇಲ್ಲಿಯ ಕೋವಿಗಳು ಮೌನ ತಾಳಿದರೂ ಅವುಗಳ ದೀರ್ಘ ಹಾದಿಯ ದೇಶಗಳಲ್ಲಿ ಬೇಟೆ ನಿಂತಿರಲಿಲ್ಲ.

ಆ ರಾತ್ರಿ ಅರಮನೆಯ ಅಂಗಳದಲ್ಲಿ ಕುಳಿತಿದ್ದೆವು. ಇಂತಹ ಅಂಗಳಗಳಲ್ಲಿಯೇ ಬೇಟೆಗಾರರು ತಮ್ಮ ಗುರಿಯ ಬಡಾಯಿ ಕೊಚ್ಚಿಕೊಂಡಿರಬೇಕು. "ಆ ಕಲ್ಲುಗಳನ್ನು ಕಿತ್ತುಹಾಕಬೇಕು" ಎಂದಳು ಶ್ರೀಮತಿ. ಮಗಳು ಒಪ್ಪಲಿಲ್ಲ. "ಬೇಡಮ್ಮ, ಇರಲಿ. ಇಲ್ಲದಿದ್ದರೆ ಹಾಗೆ ಮಾಡಿದ್ದರು ಎಂದರೆ ಯಾರು ನಂಬುತ್ತಾರೆ?"

ಅನಂತರ ಅವಳು ತನ್ನ ಪುಟ್ಟ ಪುಸ್ತಕವನ್ನು ತೆರೆದು ಆ ದಿನ ಕಂಡ ಹಕ್ಕಿಗಳನ್ನು ಬರೆದುಕೊಂಡಳು. ಒಟ್ಟು ನಲವತ್ತೊಂದು ಜಾತಿ. ಅದೂ ಒಂದು ಲೆಕ್ಕವೇ. ಆದರೆ ಅದರಲ್ಲಿದ್ದ ಹಕ್ಕಿಗಳೆಲ್ಲವೂ ಬೆಳಗಾದರೆ ಮತ್ತೆ ಹಾರುವಂತಹವು.