ಬೆರಕೆ ಬೀಜದ ಪೊಟ್ಟಣ

ಬೆರಕೆ ಹೂಬೀಜದ ಪೊಟ್ಟಣದ ಮೇಲೆ ಹತ್ತಾರು ಹೂಗಳ ಚಿತ್ರವಿರುತ್ತದೆ. ಒಳಗೆ ಯಾವ ಯಾವ ಬೀಜಗಳಿವೆ ಎಂಬ ವಿವರ ಮಾತ್ರ ಅನೇಕ ಸಲ ಇರುವುದಿಲ್ಲ. ಬಿತ್ತಿ ವಾರ ಕಳೆಯುವುದರೊಳಗೆ ಪಾತಿಯ ತುಂಬ ಹಸಿರು ಚುಕ್ಕೆಗಳು ಮೂಡುತ್ತವೆ. ಯಾವುದು ಹೂ, ಯಾವುದು ಕಳೆ ಎಂಬ ಪ್ರಶ್ನೆ ಅಲ್ಲಿಂದ ಆರಂಭ.

ನಮ್ಮ ಮನೆಯಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನನ್ನ ಮಡದಿಗೆ ಉಬ್ಬಸದ ತೊಂದರೆಯುಂಟು. ಪಾರ್ಥೇನಿಯಂ ಹೂ ಬಿಟ್ಟ ಕಾಲದಲ್ಲಿ ಎಷ್ಟೋ ರಾತ್ರಿಗಳನ್ನು ಆಕೆ ಕುಳಿತೇ ಕಳೆದದ್ದುಂಟು. ಆದರೂ ಜಗುಲಿಯ ಮುಂದೆ ಹೂವಿರಬೇಕೆಂಬ ಹಂಬಲ ಆಕೆಯದೇ. ಸಂಶಯ ಬಂದುದನ್ನೆಲ್ಲ ಕಿತ್ತೆಸೆದರೆ ಹೂವಿಲ್ಲ. ಎಲ್ಲವನ್ನೂ ಉಳಿಸಿದರೆ ಆಕೆಗೆ ನೆಮ್ಮದಿಯ ಉಸಿರಿಲ್ಲ.

1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ನಮ್ಮಲ್ಲಿ ಕಾಂಗ್ರೆಸ್ ಗಿಡವೆಂದು ಹೆಸರಾದ ಈ ಕಳೆಯ ಎಳೆಯ ಎಲೆಯೂ ಚೆಂಡು ಹೂವಿನ ಎಲೆಯಂತೆ ಸೀಳುಸೀಳಾಗಿರುತ್ತದೆ. ಚೆಂಡು ಹೂ, ಜಿನ್ನಿಯಾ, ಕಾಸ್ಮಸ್‌ಗಳ ತವರು ಮೆಕ್ಸಿಕೊ. ಕಾಂಗ್ರೆಸ್ ಗಿಡವೂ ಅದೇ ಸೀಮೆಯದು. ತವರು ಒಂದೇ, ನಡತೆ ಬೇರೆ.

ಇದಕ್ಕೆ ನಾನು ಅನುಸರಿಸುವ ಉಪಾಯ ಸರಳವಾದುದು. ಪೊಟ್ಟಣದಿಂದ ಒಂದು ಚಿಟಿಕೆ ಬೀಜವನ್ನು ತೆಗೆದು, ಬರಿಯ ತೆಂಗಿನ ನಾರಿನ ಪುಡಿ ತುಂಬಿದ ಕುಂಡದಲ್ಲಿ ಬೇರೆಯಾಗಿ ಬಿತ್ತುತ್ತೇನೆ. ಅದು ನನ್ನ ಮಾದರಿ ಉತ್ತರಪತ್ರಿಕೆ! ಕುಂಡದಲ್ಲಿಯೂ ಪಾತಿಯಲ್ಲಿಯೂ ಕಂಡದ್ದು ಪೊಟ್ಟಣದ್ದು; ಪಾತಿಯಲ್ಲಿ ಮಾತ್ರ ಕಂಡದ್ದರ ಮೇಲೆ ಕಣ್ಣಿಡಬೇಕು. ಮೊದಲು ಬರುವ ಜೋಡಿ ಬೀಜದಳಗಳನ್ನು ನೋಡಿ ತೀರ್ಪು ಕೊಡಲಾಗದು. ನಿಜವಾದ ಎಲೆಗಳು ನಾಲ್ಕಾದರೂ ಬರಲಿ.

ಆಗ ಒಂದೊಂದೂ ತನ್ನ ಗುರುತು ಹೇಳುತ್ತದೆ. ಕಾಸ್ಮಸ್‌ನದು ಸಬ್ಬಸಿಗೆ ಸೊಪ್ಪಿನಂತೆ ಎಳೆಎಳೆಯಾದ ಎಲೆ. ಜಿನ್ನಿಯಾದ್ದು ತೊಟ್ಟಿಲ್ಲದೆ ಎದುರುಬದುರಾಗಿ ಕಾಂಡವನ್ನಪ್ಪಿದ ಒರಟು ಎಲೆ. ನಾವು ಕರ್ಣಕುಂಡಲವೆಂದೂ ಪೇಟೆಯವರು ಬಾಲ್ಸಂ ಎಂದೂ ಕರೆಯುವ ಗಿಡಕ್ಕೆ ಗರಗಸದಂಚಿನ ಎಲೆ, ನೀರು ತುಂಬಿದ ಕಾಂಡ. ಚೆಂಡು ಹೂವಿನ ಎಲೆಯನ್ನು ಬಿಸಿಲಿಗೆ ಹಿಡಿದರೆ ಎಣ್ಣೆಯ ಚುಕ್ಕೆಗಳು ಕಾಣುತ್ತವೆ. ಹಿಸುಕಿದರೆ ಕಟುವಾದ ವಾಸನೆ. ಕಾಂಗ್ರೆಸ್ ಗಿಡವಾದರೋ ಎಳೆತನದಲ್ಲಿ ಎಲೆಗಳನ್ನು ಚಕ್ರದಂತೆ ನೆಲಕ್ಕೆ ಹರಡಿ ಕೂರುತ್ತದೆ. ಅದನ್ನು ಹಿಸುಕಿ ನೋಡುವ ಸಾಹಸ ಬೇಡ. ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಮೊಳೆತ ಒಂದು ಒಂದೂವರೆ ತಿಂಗಳಲ್ಲೇ ಅದು ಹೂ ಬಿಡಬಲ್ಲದು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ.

ಕಳೆ ಹೋದ ಮೇಲೆ ಉಳಿದವುಗಳ ಆರೈಕೆ. ಗೇಣಿಗೊಂದರಂತೆ ಸಸಿ ಉಳಿಸಿ, ಹೆಚ್ಚಿನವನ್ನು ಸಂಜೆಯ ತಂಪಿನಲ್ಲಿ ಬೇರೆಡೆ ನೆಡಬಹುದು. ಜಿನ್ನಿಯಾಕ್ಕೆ ಬುಡಕ್ಕೆ ಮಾತ್ರ ನೀರು. ಎಲೆ ತೊಯ್ದೇ ಇದ್ದರೆ ರೋಗ ತಗಲುತ್ತದೆ. ಬೇಗ ಎತ್ತರವಾಗುವ ಕಾಸ್ಮಸ್‌ನ ತುದಿ ಚಿವುಟಬೇಕು. ಅದು ಕವಲೊಡೆಯುತ್ತದೆ, ಅದರ ನೆರಳಿನಲ್ಲಿ ಸೊರಗುವ ಗಿಡ್ಡ ಗಿಡಗಳಿಗೂ ಬಿಸಿಲು ಸಿಗುತ್ತದೆ. ಮುಂದಿನ ಬೆಂಚಿನ ಹುಡುಗರು ಉತ್ತರ ಹೇಳಲು ಕೈಯೆತ್ತಿದಾಗ ನಾನು ಹಿಂದಿನ ಬೆಂಚಿನತ್ತ ನೋಡುತ್ತಿದ್ದುದು ನಿಮಗೆ ನೆನಪಿದ್ದೀತು.

ಈ ಸಲ ಪಾತಿಯಲ್ಲಿ ಕಾಂಗ್ರೆಸ್ ಗಿಡದ ಹನ್ನೊಂದು ಸಸಿಗಳು ಸಿಕ್ಕವು. ಒಂದೂ ಮೊಗ್ಗಿಗೆ ಬಂದಿರಲಿಲ್ಲ. ಕರ್ಣಕುಂಡಲ ಈಗ ಕಾಯಿ ಕಟ್ಟಿದೆ. ಮುಟ್ಟಿದರೆ ಸಿಡಿಯುವ ಆ ಕಾಯಿಗಳಿಂದ ಮುಂದಿನ ವರ್ಷಕ್ಕೆ ಬೀಜ ಕೂಡಿಡುವ ಕೆಲಸವನ್ನು ಮಡದಿ ತಾನೇ ವಹಿಸಿಕೊಂಡಿದ್ದಾಳೆ. ಅವಳು ಕಟ್ಟುವ ಪೊಟ್ಟಣಗಳ ಮೇಲೆ ಹೆಸರು ಇದ್ದೇ ಇರುತ್ತದೆ. ಬೇಕಾದವರು ಬಂದು ಒಯ್ಯಬಹುದು.